ರಾತ್ರಿ ಹೊತ್ತು ಹಾರ್ನ್ ಯಾಕೆ ಹೊಡೆಯುತ್ತೀರಿ?

(ಹಳಿಯ ಪಕ್ಕದ ಬಡಾವಣೆಯೊಂದರ ನಿವಾಸಿಗಳ ಸಭೆಯಲ್ಲಿ ಆಡಿದ ಮಾತುಗಳು. ಬರಹಕ್ಕೆ ಇಳಿಸುವಾಗ ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿಸಿದ್ದೇನೆ. ಉಳಿದದ್ದು ಆಡಿದ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ನನ್ನನ್ನು ಯಾಕೆ ಕರೆಸಿದ್ದು ಅನ್ನುವುದನ್ನು ನಿಮ್ಮ ಕಾರ್ಯದರ್ಶಿಗಳು ಫೋನಿನಲ್ಲೇ ಮುಚ್ಚುಮರೆ ಇಲ್ಲದೆ ಹೇಳಿದರು. "ಸಾರ್, ನೀವು ರೈಲ್ವೆಯಲ್ಲಿ ಡ್ರೈವರ್ ಆಗಿದ್ದವರು. ಇಲ್ಲಿ ರಾತ್ರಿ ಒಂದು ಗಂಟೆ, ಎರಡು ಗಂಟೆಗೆಲ್ಲ ಉದ್ದಕ್ಕೆ ಹಾರ್ನ್ ಹೊಡೆದುಕೊಂಡು ಹೋಗುತ್ತಾರೆ. ಮಕ್ಕಳಿಗೆ ಪರೀಕ್ಷೆ, ವಯಸ್ಸಾದವರಿಗೆ ಬಿ.ಪಿ. ಒಂದು ಅರ್ಜಿ ಕೊಡೋಣ ಅಂತಿದ್ದೇವೆ. ಅದಕ್ಕೆ ಮುಂಚೆ ನೀವು ಬಂದು ನಾಲ್ಕು ಮಾತಾಡಿ" ಅಂದರು. ಒಪ್ಪಿಕೊಂಡೆ.

ಈಗ ಬರುವಾಗ ನಿಮ್ಮ ಹಿಂದಿನ ಗೋಡೆ ನೋಡಿಕೊಂಡು ಬಂದೆ. ನೀರಿನ ಟ್ಯಾಂಕಿನ ಪಕ್ಕ ಒಂದು ಕಿಂಡಿ ಇದೆ. ಆಳೆತ್ತರ ಇಲ್ಲ, ತಲೆ ಬಗ್ಗಿಸಿ ತೂರಬೇಕು. ಜನರ ಹೆಗಲು ಉಜ್ಜಿ ಉಜ್ಜಿ ಅದರ ಅಂಚು ನುಣ್ಣಗಾಗಿದೆ. ಕೆಳಗೆ ಯಾರೋ ಪುಣ್ಯಾತ್ಮರು ಎರಡು ಚಪ್ಪಡಿ ಹಾಕಿ ಮೆಟ್ಟಿಲೂ ಮಾಡಿಕೊಟ್ಟಿದ್ದಾರೆ. ಹಾರ್ನ್ ಯಾಕೆ ಅನ್ನುವುದಕ್ಕೆ ಉತ್ತರ ಆ ಕಿಂಡಿಯೇ. ಅಷ್ಟು ಹೇಳಿ ಕೂತುಬಿಡಬಹುದಿತ್ತು. ಆದರೆ ಒಳ್ಳೆ ಕಾಫಿ ಕೊಟ್ಟಿದ್ದೀರಿ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದ್ದು ಮೀಟರ್ ಗೇಜಿನ ಕಾಲದಲ್ಲಿ, ಡೀಸೆಲ್ ಅಸಿಸ್ಟೆಂಟ್ ಆಗಿ. ಈಗ ಆ ಹುದ್ದೆಗೆ ಅಸಿಸ್ಟೆಂಟ್ ಲೋಕೋ ಪೈಲಟ್ ಅನ್ನುತ್ತಾರೆ. ಡ್ರೈವರ್ ಲೋಕೋ ಪೈಲಟ್ ಆದ, ಗಾರ್ಡ್ 2022ರಲ್ಲಿ ಟ್ರೈನ್ ಮ್ಯಾನೇಜರ್ ಆದ. ಹೆಸರುಗಳೇನೋ ದೊಡ್ಡವಾದವು. ಬಹುಪಾಲು ಎಂಜಿನ್ನುಗಳಿಗೆ ಇನ್ನೂ ಒಂದು ಶೌಚಾಲಯ ಬಂದಿಲ್ಲ. ಇರಲಿ, ಅದು ಬೇರೆ ಪುರಾಣ.

ಲಾರಿ ಓಡಿಸುವವನ ಕೈಯಲ್ಲಿ ಮೂರು ಉಪಾಯ ಇರುತ್ತವೆ: ಬ್ರೇಕು, ಸ್ಟೀರಿಂಗು, ಹಾರ್ನು. ನಮಗೆ ಸ್ಟೀರಿಂಗ್ ಇಲ್ಲ. ಬ್ರೇಕ್ ಇದೆ, ಆದರೆ ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿರುವ ಇಪ್ಪತ್ತೆರಡು ಬೋಗಿಯ ಎಕ್ಸ್‌ಪ್ರೆಸ್ ಸಾವಿರ ಟನ್ನಿಗೂ ಮೇಲೆ ತೂಗುತ್ತದೆ. ಎಮರ್ಜೆನ್ಸಿ ಬ್ರೇಕ್ ಹಾಕಿದರೂ ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಹೋಗಿಯೇ ಅದು ನಿಲ್ಲುವುದು. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿ. ಅಲ್ಲಿ ಘರ್ಷಣೆ ಕಡಿಮೆ ಇರುವುದರಿಂದಲೇ ಒಂದು ಎಂಜಿನ್ ಅಷ್ಟು ಭಾರ ಎಳೆಯುತ್ತದೆ, ಅದೇ ಕಾರಣಕ್ಕೆ ಬೇಗ ನಿಲ್ಲುವುದೂ ಇಲ್ಲ. ಆ ವೇಗದಲ್ಲಿ ಸೆಕೆಂಡಿಗೆ ಮೂವತ್ತು ಮೀಟರ್. ನಿಮ್ಮ ಕಿಂಡಿಯಿಂದ ಆಚೆ ಬದಿಗೆ, ಎರಡು ಲೈನ್ ದಾಟಲು ಒಬ್ಬರಿಗೆ ಎಂಟು ಹತ್ತು ಸೆಕೆಂಡ್ ಬೇಕು. ತಿರುವಿನ ಆಚೆಯಿಂದ ನಾನು ಮುನ್ನೂರು ಮೀಟರ್ ದೂರದಲ್ಲಿ ಕಾಣಿಸಿಕೊಂಡರೆ ನಿಮಗೂ ನನಗೂ ಇರುವುದು ಅದೇ ಹತ್ತು ಸೆಕೆಂಡ್. ಉಳಿದದ್ದು ಹಾರ್ನ್ ಒಂದೇ. ಗೇಟಿಗೆ 600 ಮೀಟರ್ ಮುಂಚೆ ಹಳದಿ ಬೋರ್ಡ್ ಇರುತ್ತದೆ, ಅಲ್ಲಿಂದ ಹಾರ್ನ್ ಹೊಡೆಯಲೇಬೇಕು. ಕಿಂಡಿಗೆ ಬೋರ್ಡ್ ಇರುವುದಿಲ್ಲ. ಕಿಂಡಿ ಎಲ್ಲೆಲ್ಲಿದೆ ಅನ್ನುವುದು ನಮ್ಮ ತಲೆಯಲ್ಲಿ ಇರುತ್ತದೆ. ಒಬ್ಬ ಡ್ರೈವರ್ ಇನ್ನೊಬ್ಬನಿಗೆ ಹೇಳಿಕೊಡುತ್ತಾನೆ, "ಟ್ಯಾಂಕ್ ಹತ್ತಿರ ಹುಷಾರು" ಅಂತ. ನಿಮ್ಮ ಟ್ಯಾಂಕ್ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು.

(ಇಲ್ಲಿ ಹಿಂದುಗಡೆ ಒಂದು ಗೂಡ್ಸ್ ಹಾದುಹೋಯಿತು. ಮುಕ್ಕಾಲು ನಿಮಿಷ ಮಾತು ನಿಲ್ಲಿಸಿದೆ. ಎಲ್ಲರೂ ನಕ್ಕರು.)

ಬಂತು ನೋಡಿ, ಕೇಳಿಸಿತಲ್ಲ? ಕೂತು ಕೇಳುವಾಗ ಎಲ್ಲರಿಗೂ ಕೇಳಿಸುತ್ತದೆ. ದಾಟುವವರಿಗೆ ಯಾಕೆ ಕೇಳಿಸುವುದಿಲ್ಲ ಅಂತ ನಾನೂ ಬಹಳ ವರ್ಷ ಬೈದುಕೊಂಡೆ. ಇಯರ್‌ಫೋನ್ ಒಂದು ಕಾರಣ, ಸರಿ. ಅದೊಂದನ್ನೇ ದೂರುವುದು ಸುಲಭ, ಪೇಪರಿನವರಿಗೂ ಇಷ್ಟ. ಆದರೆ ಡೀಸೆಲ್ ಎಂಜಿನ್ ಇದ್ದಾಗ ಗುಡುಗುಟ್ಟಿಕೊಂಡು ಬರುವುದು ಮೊದಲೇ ತಿಳಿಯುತ್ತಿತ್ತು. ಕರೆಂಟಿನ ಎಂಜಿನ್ ಸದ್ದಿಲ್ಲದೆ ಮೈಮೇಲೆ ಬರುತ್ತದೆ. ಅದಕ್ಕಿಂತ ಕೆಟ್ಟದ್ದು ಜೋಡಿ ಹಳಿ. ಒಂದು ಗಾಡಿ ಹೋಗಲಿ ಅಂತ ಜನ ಕಾಯುತ್ತಾರೆ, ಕೊನೆಯ ಬೋಗಿ ದಾಟಿದ ತಕ್ಷಣ ಕಾಲಿಡುತ್ತಾರೆ. ಎದುರಿನಿಂದ ಬರುವ ಇನ್ನೊಂದು ಗಾಡಿಯನ್ನು ಮೊದಲನೆಯದು ಮರೆ ಮಾಡಿರುತ್ತದೆ, ಎರಡರ ಸದ್ದೂ ಕಲಸಿಹೋಗಿರುತ್ತದೆ. ನಾನು ಕಂಡ ಸಾವುಗಳಲ್ಲಿ ಇಂಥವೇ ಹೆಚ್ಚು.

ಕಣ್ಣೂ ಮೋಸ ಮಾಡುತ್ತದೆ. ದೊಡ್ಡ ವಸ್ತು ನೇರ ನಮ್ಮ ಕಡೆಗೇ ಬರುವಾಗ ಇರುವುದಕ್ಕಿಂತ ನಿಧಾನ ಅನ್ನಿಸುತ್ತದಂತೆ. ವಿಮಾನ ಇಳಿಯುವಾಗ ತೇಲುತ್ತಿದೆ ಅನ್ನಿಸುವುದಿಲ್ಲವೇ, ಹಾಗೆ. ಮುಂಬಯಿಯ ವಡಾಲಾ ಸ್ಟೇಷನ್ ಹತ್ತಿರ ಸುಮಾರು 2010ರ ಹೊತ್ತಿಗೆ ಫೈನಲ್‌ಮೈಲ್ ಅನ್ನುವ ಸಂಸ್ಥೆಯವರು ಇದನ್ನೇ ಹಿಡಿದುಕೊಂಡು ಒಂದು ಪ್ರಯೋಗ ಮಾಡಿದರು. ಜನ ದಾಟುವ ಕಡೆ ಹಳಿಯ ಕೆಳಗೆ ಅಡ್ಡಕ್ಕೆ ಹಾಕಿರುವ ಕೆಲವು ಸ್ಲೀಪರ್‌ಗಳಿಗೆ ಹಳದಿ ಬಣ್ಣ ಬಳಿದರು. ಗಾಡಿ ಒಂದೊಂದೇ ಹಳದಿ ಪಟ್ಟಿ ನುಂಗುತ್ತ ಬಂದರೆ ವೇಗ ಕಣ್ಣಿಗೆ ತಿಳಿಯುತ್ತದೆ. ಒಂದು ಉದ್ದ ಹಾರ್ನಿನ ಬದಲು ಎರಡು ಚಿಕ್ಕ ಹಾರ್ನ್ ಹೊಡೆಸಿದರು. ಬಿಟ್ಟು ಬಿಟ್ಟು ಬರುವ ಸದ್ದಿಗೆ ಕಿವಿ ಬೇಗ ಎಚ್ಚರಾಗುತ್ತದೆ. "ದಾಟಬೇಡಿ, ದಂಡ" ಅನ್ನುವ ಬೋರ್ಡ್ ಬದಲು ರೈಲು ಎದುರಾದ ಮನುಷ್ಯನ ಮುಖದ ಫೋಟೋ ಹಾಕಿದರು. ಅಲ್ಲಿ ಸಾವು ಕಡಿಮೆಯಾಯಿತು. ನನಗೆ ಇದರಲ್ಲಿ ಹಿಡಿಸಿದ್ದು ಆ ಮುಖದ ಫೋಟೋ. ಯಾಕೆ ಅಂದರೆ ಆ ಮುಖ ನಾವು ನೋಡಿದವರು. ಬೇರೆ ಯಾರೂ ನೋಡಿರುವುದಿಲ್ಲ.

ಲೆಕ್ಕ ಸ್ವಲ್ಪ ಹೇಳಿಬಿಡುತ್ತೇನೆ. ಅಣುವಿಜ್ಞಾನಿ ಅನಿಲ್ ಕಾಕೋಡ್ಕರ್ ಅವರ ರೈಲ್ವೆ ಸುರಕ್ಷತಾ ಸಮಿತಿ 2012ರಲ್ಲಿ ಕೊಟ್ಟ ವರದಿಯ ಪ್ರಕಾರ ಹಳಿ ದಾಟುವಾಗ ವರ್ಷಕ್ಕೆ ಸುಮಾರು 15,000 ಜನ ಸಾಯುತ್ತಿದ್ದರು. ಅದರಲ್ಲಿ 6,000ದಷ್ಟು ಮುಂಬಯಿಯ ಲೋಕಲ್ ರೈಲು ಮಾರ್ಗಗಳಲ್ಲೇ. ಸಮಿತಿ ಇದನ್ನು ಹತ್ಯಾಕಾಂಡ ಅಂತ ಕರೆಯಿತು, ಸರ್ಕಾರಿ ವರದಿಯಲ್ಲಿ ಅಂಥ ಪದ ಸಾಮಾನ್ಯವಾಗಿ ಬರುವುದಿಲ್ಲ. ಎರಡು ಗಾಡಿ ಡಿಕ್ಕಿಯಾಗಿ ಮುನ್ನೂರು ಜನ ಹೋದರೆ ಮಂತ್ರಿ ಬರುತ್ತಾರೆ, ತನಿಖೆ ಆಗುತ್ತದೆ, ದೇಶವೇ ಅಳುತ್ತದೆ. ಅಳಬೇಕಾದ್ದೇ. ಆದರೆ ಒಬ್ಬೊಬ್ಬರಾಗಿ ಹಳಿಯ ಮೇಲೆ ಹೋದವರು ರೈಲು ಅಪಘಾತದ ಪಟ್ಟಿಗೇ ಸೇರುವುದಿಲ್ಲ. ಅವರು ಅತಿಕ್ರಮಣಕಾರರು. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅದು ಅಪರಾಧ, ಆರು ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನಮ್ಮ ಕಾಗದದಲ್ಲಿ ಮೂರಕ್ಷರ: ಎಂ.ಆರ್.ಓ. ಮ್ಯಾನ್ ರನ್ ಓವರ್. ದನ ಆದರೆ ಸಿ.ಆರ್.ಓ.

ಕನ್ನಡ ಪೇಪರಿನಲ್ಲಿ ಏನು ಬರೆಯುತ್ತಾರೆ? "ರೈಲಿಗೆ ಸಿಕ್ಕಿ ಸಾವು." ಈ "ಸಿಕ್ಕಿ" ಅನ್ನುವ ಮಾತನ್ನು ಗಮನಿಸಿ. ಸಿಕ್ಕಿದ್ದು ಅವರು, ರೈಲು ತನ್ನ ಪಾಡಿಗೆ ಇತ್ತು. ಎಂಜಿನ್ನಿನ ಒಳಗೆ ಇಬ್ಬರು ಕೂತಿದ್ದರು ಅನ್ನುವುದು ಆ ವಾಕ್ಯದಲ್ಲಿ ಎಲ್ಲೂ ಇಲ್ಲ. ಆ ಇಬ್ಬರ ಕಥೆ ಹೇಳಲೆಂದೇ ಇವತ್ತು ಬಂದಿದ್ದೇನೆ.

ನನ್ನ ಮೊದಲನೆಯದು ಬ್ರಾಡ್ ಗೇಜ್ ಆದ ಮೇಲೆ, ಮದ್ದೂರು ಮತ್ತು ಮಂಡ್ಯದ ನಡುವೆ. ಬೆಳಗಿನ ಎಂಟೂವರೆ ಇರಬೇಕು. ಎರಡೂ ಕಡೆ ಕಬ್ಬು. ಒಬ್ಬ ಹೆಂಗಸು, ಅರವತ್ತು ದಾಟಿದವರು, ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ಬದುವಿನ ಮೇಲೆ ಬರುತ್ತಿದ್ದರು. ಹುಲ್ಲು ಎರಡೂ ಕಿವಿ ಮುಚ್ಚುವಷ್ಟು ಇಳಿಬಿದ್ದಿತ್ತು. ಹಾರ್ನ್ ಒತ್ತಿ ಹಿಡಿದೆ. ಅವರು ಜಲ್ಲಿ ಹತ್ತಿದರು. ನಿಲ್ಲುತ್ತಾರೆ ಅಂದುಕೊಂಡೆ. ಯಾಕೆ ಅಂದುಕೊಂಡೆ ಅಂದರೆ, ನೂರಕ್ಕೆ ತೊಂಬತ್ತೊಂಬತ್ತು ಜನ ನಿಲ್ಲುತ್ತಾರೆ. ಹಳಿ ಹತ್ತಿರ ಕಂಡವರಿಗೆಲ್ಲ ಎಮರ್ಜೆನ್ಸಿ ಬ್ರೇಕ್ ಹಾಕುತ್ತ ಹೋದರೆ ಬೆಂಗಳೂರು ಬಿಟ್ಟ ಗಾಡಿ ಕೆಂಗೇರಿ ದಾಟುವುದಿಲ್ಲ. ಇವರು ನಿಲ್ಲುವವರೋ ಬರುವವರೋ ಅನ್ನುವ ಲೆಕ್ಕವನ್ನು ಎರಡು ಸೆಕೆಂಡಿನಲ್ಲಿ ಹಾಕಬೇಕು. ಹಾಕಿದೆ, ತಪ್ಪಿತು. ಬ್ರೇಕ್ ಎಳೆದೆ. ಆಗ ಅವರು ತಲೆ ಎತ್ತಿದರು. ಹೊರೆ ವಾಲಿತು. ಅದನ್ನು ಎರಡೂ ಕೈಯಿಂದ ಹಿಡಿದುಕೊಳ್ಳಲು ಹೋದರು, ಬಿಟ್ಟು ಓಡಲಿಲ್ಲ. ನನ್ನ ಕಡೆ ನೋಡಿದರು.

ಸದ್ದಿನ ವಿಚಾರ ನಾನು ಮನೆಯಲ್ಲೂ ಹೇಳಿಲ್ಲ, ಇಲ್ಲೂ ಹೇಳುವುದಿಲ್ಲ.

ಗಾಡಿ ನಿಂತ ಮೇಲೆ ಬ್ರೇಕಿನ ಗಾಳಿ ಸುಯ್ಯೆನ್ನುವುದು ಬಿಟ್ಟರೆ ಏನೂ ಇಲ್ಲ. ಡ್ರೈವರ್ ಎಂಜಿನ್ ಬಿಟ್ಟು ಹೋಗುವಂತಿಲ್ಲ. ನನ್ನ ಅಸಿಸ್ಟೆಂಟ್ ಧಾರವಾಡ ಕಡೆಯ ಹುಡುಗ, ಇಪ್ಪತ್ತನಾಲ್ಕು ವಯಸ್ಸು. "ನೀವು ಇಲ್ಲೇ ಇರ್ರಿ ಸರ, ನಾ ನೋಡಿ ಬರ್ತೇನ್ರಿ" ಅಂತ ಇಳಿದು ಹೋದ. ಹಿಂದಿನಿಂದ ಗಾರ್ಡ್ ಬಂದರು. ಜೀವ ಇದ್ದರೆ ಅದೇ ಗಾಡಿಯಲ್ಲಿ ಹಾಕಿಕೊಂಡು ಮುಂದಿನ ಸ್ಟೇಷನ್ನಿಗೆ ಒಯ್ಯಬೇಕು. ಇರಲಿಲ್ಲ. ದೇಹವನ್ನು ಹಳಿಯಿಂದ ಪಕ್ಕಕ್ಕೆ ಸರಿಸಿದರು. ಹುಡುಗ ಹತ್ತಿ ಬಂದು ಏನೂ ಹೇಳಲಿಲ್ಲ. ನೀರಿನ ಬಾಟಲಿ ತೆಗೆದ, ಕುಡಿಯದೆ ಹಿಡಿದುಕೊಂಡೇ ಕೂತ. ಕಿಟಕಿಯಿಂದ ಜನ ಕೂಗುತ್ತಿದ್ದರು, "ಏನ್ ಸಾರ್, ಎಷ್ಟೊತ್ತು? ಆಫೀಸಿಗೆ ಲೇಟಾಗ್ತಿದೆ."

ಮಂಡ್ಯದಲ್ಲಿ ಸ್ಟೇಷನ್ ಮಾಸ್ಟರಿಗೆ ಮೆಮೊ ಬರೆದುಕೊಟ್ಟೆ. ಗಾಡಿ ನಂಬರ್, ಎಂಜಿನ್ ನಂಬರ್, ಕಿಲೋಮೀಟರ್, ಸಮಯ, ವೇಗ. ಹಾರ್ನ್ ಹೊಡೆಯಲಾಯಿತು, ಬ್ರೇಕ್ ಹಾಕಲಾಯಿತು. ನಾಲ್ಕು ಸಾಲು. ಅವರು ಸಹಿ ಹಾಕಿ ಒಂದು ಪ್ರತಿ ಕೊಟ್ಟರು. ಸ್ಟಾರ್ಟರ್ ಸಿಗ್ನಲ್ ಹಸಿರಾಯಿತು. ಮೈಸೂರಿನವರೆಗೆ ಗಾಡಿ ನಾನೇ ಓಡಿಸಿದೆ.

ಆಮೇಲೆ ಏನಾಗುತ್ತದೆ ಅಂತ ಕೇಳಿ. ಮರುದಿನ ಅದೇ ದಾರಿ. ಕಿಲೋಮೀಟರ್ ಕಂಬ ಅಲ್ಲೇ ಇರುತ್ತದೆ, ನಂಬರ್ ಸಮೇತ. ನಿವೃತ್ತಿಯಾಗುವವರೆಗೆ ಆ ಕಂಬ ದಾಟುವಾಗ ನಾನು ಅಸಿಸ್ಟೆಂಟ್ ಜೊತೆ ಮಾತಾಡುತ್ತಿದ್ದರೆ ನಡುವೆ ನಿಲ್ಲಿಸುತ್ತಿದ್ದೆ. ಇವತ್ತಿಗೂ ಬಸ್ಸಿನಲ್ಲಿ ಹೋಗುವಾಗ ರಸ್ತೆ ಬದಿ ಹುಲ್ಲಿನ ಹೊರೆ ಹೊತ್ತವರು ಕಂಡರೆ ನನ್ನ ಕೈ ತಾನಾಗಿ ಮುಂದಿನ ಸೀಟಿನ ಕಂಬಿ ಹಿಡಿದು ಎಳೆಯುತ್ತದೆ. ಪಕ್ಕದವರು ನೋಡುತ್ತಾರೆ. ಮನೆಯಲ್ಲಿ ಹೆಂಡತಿಗೆ ಹೇಗೋ ತಿಳಿಯುತ್ತಿತ್ತು. ಅಂಥ ದಿನ ಹಿತ್ತಲಲ್ಲೇ ಬಿಸಿನೀರು ಇಟ್ಟಿರುತ್ತಿದ್ದಳು, ಏನಾಯಿತು ಅಂತ ಕೇಳುತ್ತಿರಲಿಲ್ಲ. ಮದುವೆ ಮನೆಗಳಲ್ಲಿ ಮಾತ್ರ ಯಾರಾದರೊಬ್ಬರು ಎಲೆ ಅಡಿಕೆ ಹಾಕಿಕೊಳ್ಳುತ್ತ ಕೇಳಿಯೇ ಕೇಳುತ್ತಾರೆ: "ನಿಮ್ಮ ಸರ್ವೀಸಲ್ಲಿ ಎಷ್ಟು ಜನ ಆಗಿದ್ದಾರೆ?" ನಾನು ಲೆಕ್ಕ ಇಟ್ಟಿಲ್ಲ ಅನ್ನುತ್ತೇನೆ. ಸುಳ್ಳು.

ಹಿರಿಯ ಡ್ರೈವರ್ ಒಬ್ಬರು ನನಗೆ ಸಮಾಧಾನ ಹೇಳಿದ್ದು ಹೀಗೆ: "ಗಾಡಿ ಹಳಿ ಬಿಟ್ಟು ಅವರ ಮನೆಗೆ ಹೋಗಿತ್ತೇನಪ್ಪ? ಬಿಡು." ಮಾತು ನ್ಯಾಯವಾದದ್ದೇ. ಆದರೆ ರಾತ್ರಿ ಎರಡು ಗಂಟೆಗೆ ನ್ಯಾಯದ ಮಾತು ಕೆಲಸಕ್ಕೆ ಬರುವುದಿಲ್ಲ. ರನ್ನಿಂಗ್ ರೂಮಿನಲ್ಲಿ, ಅಂದರೆ ಡ್ಯೂಟಿ ನಡುವೆ ನಾವು ತಂಗುವ ಕೋಣೆಯಲ್ಲಿ, ಮಲಗಿದ್ದಾಗ ಪಕ್ಕದ ಮಂಚದವರು ನಿದ್ದೆಯಲ್ಲಿ ಕೂಗಿ ಎದ್ದು ಕೂರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಎಲ್ಲರೂ ಮುಸುಕೆಳೆದುಕೊಂಡು ಮಲಗಿದ ಹಾಗೆ ನಟಿಸುತ್ತಿದ್ದೆವು. ಡಾಕ್ಟರ ಹತ್ತಿರ ಯಾಕೆ ಹೋಗುತ್ತಿರಲಿಲ್ಲ? ಭಯ. ಡ್ರೈವರಿಗೆ ಎ-ಒನ್ ಅನ್ನುವ ಮೆಡಿಕಲ್ ಕ್ಯಾಟಗರಿ ಬೇಕು. ನಿದ್ದೆ ಬರುತ್ತಿಲ್ಲ, ಕಣ್ಣ ಮುಂದೆ ಮುಖ ಬರುತ್ತದೆ ಅಂತ ಬಾಯಿಬಿಟ್ಟರೆ ಕ್ಯಾಟಗರಿ ಇಳಿಸುತ್ತಾರೆ, ಗಾಡಿ ಓಡಿಸುವುದು ತಪ್ಪುತ್ತದೆ, ಅದರ ಜೊತೆ ಓಡಿಸಿದ ದೂರಕ್ಕೆ ಸಿಗುವ ಮೈಲೇಜ್ ದುಡ್ಡೂ ಹೋಗುತ್ತದೆ ಅನ್ನುವ ಭಯ. ಮಕ್ಕಳ ಫೀಸು ಕಟ್ಟುವವನು ನಿದ್ದೆ ಚೆನ್ನಾಗಿ ಬರುತ್ತಿದೆ ಅಂತಲೇ ಹೇಳುತ್ತಾನೆ.

2020ರ ಮೇ 8ರ ಬೆಳಗಿನ ಜಾವ ಮಹಾರಾಷ್ಟ್ರದ ಕರ್ಮಾಡ್ ಹತ್ತಿರ ಹಳಿಯ ಮೇಲೆ ಮಲಗಿದ್ದ 16 ಜನ ಕೂಲಿಕಾರರ ಮೇಲೆ ಗೂಡ್ಸ್ ಗಾಡಿ ಹರಿದದ್ದು ನಿಮಗೆ ನೆನಪಿರಬಹುದು. ಲಾಕ್‌ಡೌನ್, ರೈಲೇ ಓಡುವುದಿಲ್ಲ ಅಂದುಕೊಂಡಿದ್ದರು. ಜಾಲನಾದಿಂದ ಮಧ್ಯಪ್ರದೇಶದ ಕಡೆ ಹೊರಟವರು, ನಡೆದು ನಡೆದು ಸಾಕಾಗಿ ಒರಗಿದ್ದರು. ಹಳಿಯ ನಡುವೆ ಚೆಲ್ಲಿದ್ದ ರೊಟ್ಟಿಗಳ ಫೋಟೋ ಎಲ್ಲರೂ ನೋಡಿದೆವು. ನಾನು ಅದನ್ನು ನೋಡಿದಾಗ ಮೊದಲು ಯೋಚಿಸಿದ್ದು ಆ ಗೂಡ್ಸಿನ ಇಬ್ಬರ ವಿಚಾರ. ಅವರು ಜನರನ್ನು ಕಂಡಿದ್ದರು, ನಿಲ್ಲಿಸಲು ಪ್ರಯತ್ನಪಟ್ಟಿದ್ದರು ಅಂತ ರೈಲ್ವೆ ಹೇಳಿಕೆಯಲ್ಲಿ ಒಂದು ಸಾಲು ಬಂತು. ಆ ಬೆಳಗ್ಗೆ ಅವರು ಎಲ್ಲಿ ಇಳಿದರು, ಯಾರ ಜೊತೆ ಮಾತಾಡಿದರು, ಮನೆಗೆ ಹೇಗೆ ಹೋದರು ಅನ್ನುವ ಸಾಲು ನಾನು ಎಲ್ಲೂ ಓದಲಿಲ್ಲ.

ಎಂಜಿನ್ನಿನವರಾದರೂ ಮುಂದೆ ಹೊರಟುಹೋಗುತ್ತೇವೆ. ಅಲ್ಲೇ ಉಳಿಯುವವರು ಬೇರೆ. ಬೆಳಗಿನ ಜಾವ ಹೆಗಲ ಮೇಲೆ ಸ್ಪ್ಯಾನರ್ ಹೊತ್ತು ಹಳಿ ನೋಡಿಕೊಂಡು ನಡೆಯುವ ಕೀ ಮ್ಯಾನ್‌ಗೆ ಎಷ್ಟೋ ಸಲ ಮೊದಲು ಕಾಣುವುದು ಇದೇ. ರೈಲ್ವೆ ಪೊಲೀಸರು ಬರುವವರೆಗೆ ನಾಯಿ ಬರದ ಹಾಗೆ ಕಾಯಬೇಕು. ಆಮೇಲೆ ಕಾನ್‌ಸ್ಟೆಬಲ್ ಬರುತ್ತಾರೆ, ಮಹಜರು, ಯು.ಡಿ.ಆರ್. ಅನ್ನುವ ಅಸಹಜ ಸಾವಿನ ವರದಿ. ಗುರುತು ಸಿಗದಿದ್ದರೆ ಪೇಪರಿನ ಒಳಪುಟದಲ್ಲಿ ಅಂಗೈಯಗಲದ ಪ್ರಕಟಣೆ: ವಯಸ್ಸು ಸುಮಾರು 35, ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ಬಲಗೈ ಮೇಲೆ ಅಮ್ಮ ಎಂಬ ಹಚ್ಚೆ, ಅಂಗಿಯ ಕಾಲರಿನಲ್ಲಿ ಇಂಥ ಊರಿನ ಇಂಥ ಟೈಲರ್ ಎಂಬ ಚೀಟಿ. ವಾರಸುದಾರರು ಇದ್ದಲ್ಲಿ ಸಂಪರ್ಕಿಸುವುದು. ಒಬ್ಬ ಹೆಡ್ ಕಾನ್‌ಸ್ಟೆಬಲ್ ನನಗೆ ಹೇಳಿದ್ದರು, ಆ ಟೈಲರ್ ಚೀಟಿ ಹಿಡಿದುಕೊಂಡು ಹೋಗಿ ಅಂಗಡಿಯವನನ್ನು ಕೇಳಿದರೆ ಎಷ್ಟೋ ಸಲ ಮನೆ ಸಿಕ್ಕಿಬಿಡುತ್ತದೆ ಅಂತ. "ಆದರೆ ಸಾರ್, ಆ ಮನೆ ಬಾಗಿಲು ತಟ್ಟೋದಿದೆಯಲ್ಲ, ಅದೊಂದು ಕೆಲಸ ಬೇರೆ ಯಾರಾದ್ರೂ ಮಾಡ್ಲಿ ಅನ್ಸುತ್ತೆ." ಈಗ ರೆಡಿಮೇಡ್ ಅಂಗಿ ಬಂದು ಆ ದಾರಿಯೂ ಮುಚ್ಚಿಕೊಳ್ಳುತ್ತಿದೆ.

ಮನೆಯವರ ದುಃಖಕ್ಕೆ ಇನ್ನೊಂದು ಮುಳ್ಳು ಚುಚ್ಚುತ್ತದೆ: ಟಿಕೆಟ್. ಪ್ರಯಾಣಿಕ ಗಾಡಿಯಿಂದ ಬಿದ್ದು ಸತ್ತರೆ ಕಾಯ್ದೆಯ 124-ಎ ಪ್ರಕಾರ ಪರಿಹಾರ ಉಂಟು, 2017ರಿಂದ 8 ಲಕ್ಷ ರೂಪಾಯಿ. ಹಳಿ ದಾಟುತ್ತಿದ್ದವರಿಗೆ ಅದು ಇಲ್ಲ. ಹಾಗಾಗಿ ಮಗನ ಬಟ್ಟೆ ತೆಗೆದುಕೊಳ್ಳಲು ಬಂದ ತಂದೆ ಮೊದಲು ಜೇಬು ತಡಕಬೇಕಾಗುತ್ತದೆ, ಟಿಕೆಟ್ ಇದೆಯಾ ಅಂತ. ಟಿಕೆಟ್ ಸಿಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಪ್ರಯಾಣಿಕನಲ್ಲ ಅನ್ನುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2018ರಲ್ಲಿ ರೀನಾ ದೇವಿ ಪ್ರಕರಣದಲ್ಲಿ ಹೇಳಿದೆ. ಹಳಿ ಮೇಲೆ ಶವ ಸಿಕ್ಕಿತು ಅಂದ ಮಾತ್ರಕ್ಕೆ ಪ್ರಯಾಣಿಕ ಅಂತಲೂ ಆಗುವುದಿಲ್ಲ ಅಂತಲೂ ಹೇಳಿದೆ. ಕೋರ್ಟು ತೂಗಿ ಹೇಳಿದ್ದೇ ಸರಿ. ಆದರೂ ಸತ್ತವನು ಪ್ರಯಾಣಿಕನೋ ಅಪರಾಧಿಯೋ ಅನ್ನುವುದು ಬೆರಳಗಲದ ಚೀಟಿಯ ಮೇಲೆ ನಿಂತಿರುವ ಮನೆಯಲ್ಲಿ ತಿಥಿ ಹೇಗೆ ನಡೆಯುತ್ತದೆ ಯೋಚಿಸಿ.

ತಾವಾಗಿ ಬಂದವರ ವಿಚಾರ ಹೆಚ್ಚು ಹೇಳುವುದಿಲ್ಲ. ಇಂಥ ಸಾವನ್ನು ಬಣ್ಣ ಕಟ್ಟಿ ಹೇಳಿದರೆ ನೊಂದ ಇನ್ನೊಬ್ಬರಿಗೆ ದಾರಿ ತೋರಿಸಿದ ಹಾಗಾಗುತ್ತದೆ. ಇಂಗ್ಲೆಂಡಿನಲ್ಲಿ ಸಮಾರಿಟನ್ಸ್ ಅನ್ನುವ ಸಂಸ್ಥೆ 2010ರಿಂದ ಅಲ್ಲಿನ ರೈಲ್ವೆಯವರ ಜೊತೆ ಕೆಲಸ ಮಾಡುತ್ತಿದೆ. ಪ್ಲಾಟ್‌ಫಾರಂ ತುದಿಯಲ್ಲಿ ಯಾರಾದರೂ ಗಾಡಿ ಮೇಲೆ ಗಾಡಿ ಬಿಟ್ಟು ಸುಮ್ಮನೆ ನಿಂತಿದ್ದರೆ ಹೋಗಿ ಏನಾದರೊಂದು ಮಾತು ತೆಗೆಯಿರಿ ಅಂತ ಸಿಬ್ಬಂದಿಗೂ ಪ್ರಯಾಣಿಕರಿಗೂ ಹೇಳಿಕೊಡುತ್ತಾರೆ. ಹವಾಮಾನ, ಸಮಯ, ಯಾವುದಾದರೂ ಸರಿ. ಅವರಿಗೆ ಅದನ್ನು ಕಲಿಸಬೇಕಾಯಿತು. ನಮ್ಮಲ್ಲಿ "ಊಟ ಆಯ್ತಾ?" ಅಂತ ಗುರುತಿಲ್ಲದವರನ್ನೂ ಕೇಳುವ ವಾಡಿಕೆ ಮೊದಲೇ ಇದೆ. ನನಗೆ ಗೊತ್ತಿದ್ದ ಒಬ್ಬ ಗೇಟ್ ಮ್ಯಾನ್ ಒಂದು ಸಂಜೆ ಗೇಟಿನ ಹತ್ತಿರ ಬಹಳ ಹೊತ್ತು ನಿಂತಿದ್ದ ಹುಡುಗನನ್ನು ಇದೊಂದೇ ಮಾತಿನಿಂದ ಗುಮ್ಟಿಯೊಳಗೆ, ಅಂದರೆ ಗೇಟಿನ ಪಕ್ಕದ ತನ್ನ ಪುಟ್ಟ ಕೋಣೆಯೊಳಗೆ, ಕರೆದು, ತನ್ನ ಡಬ್ಬಿಯ ಮುದ್ದೆಯಲ್ಲಿ ಅರ್ಧ ಕೊಟ್ಟು, ಅವನ ಅಣ್ಣ ಬರುವವರೆಗೆ ಕೂರಿಸಿಕೊಂಡಿದ್ದ. ಮನಸ್ಸು ತಡೆಯದ ಹೊತ್ತಿಗೆ 14416 ಅನ್ನುವ ನಂಬರ್ ಇದೆ, ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದದ್ದು, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕನ್ನಡದಲ್ಲೇ ಮಾತಾಡುತ್ತಾರೆ. ಬರೆದುಕೊಳ್ಳಿ. ಡ್ರೈವರುಗಳ ಮನೆಯವರು ಇಲ್ಲಿದ್ದರೆ ಅವರೂ ಬರೆದುಕೊಳ್ಳಿ.

ಇಷ್ಟು ಹೇಳಿ ನಾನು ಕೂತೆ. ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು, "ಹಾಗಾದರೆ ಅರ್ಜಿ ಕೊಡುವುದೋ ಬೇಡವೋ?" ಅಂದರು. ಕೊಡಿ, ಆದರೆ ಹಾರ್ನ್ ನಿಲ್ಲಿಸಿ ಅಂತಲ್ಲ, ಟ್ಯಾಂಕಿನ ಹತ್ತಿರ ಇಳಿಜಾರು ಇರುವ ಮೇಲ್ಸೇತುವೆ ಕಟ್ಟಿಸಿ ಅಂತ ಕೊಡಿ ಅಂದೆ. ಅಂಡರ್‌ಪಾಸ್ ಇದೆಯಲ್ಲ ಅಂದರು ಒಬ್ಬರು. ಮಳೆ ಬಂದರೆ ಅಲ್ಲಿ ಸೊಂಟದವರೆಗೆ ನೀರು ಅಂದರು ಇನ್ನೊಬ್ಬರು. ಸದ್ಯಕ್ಕೆ ಕಿಂಡಿಗೆ ಇಟ್ಟಿಗೆ ಕಟ್ಟಿಸಿಬಿಡೋಣ, ಖರ್ಚು ಸಂಘದ್ದು ಅಂತ ಕಾರ್ಯದರ್ಶಿಗಳು ಹೇಳಿದರು. ಕೆಲವರು ಚಪ್ಪಾಳೆ ತಟ್ಟಿದರು.

ಆಗ ಹಿಂದೆ ಬಾಗಿಲ ಹತ್ತಿರ ಕಾಫಿ ಲೋಟ ಎತ್ತಿಡುತ್ತಿದ್ದ ಹೆಂಗಸು ಸೆರಗಿಗೆ ಕೈ ಒರೆಸಿಕೊಂಡು ಕೇಳಿದರು: "ಸಾ, ಗೋಡೆ ಮುಚ್ಚಿಬಿಟ್ರೆ ನಾವು ಕೆಲಸಕ್ಕೆ ಬರೋದು ಹೆಂಗೆ? ಸುತ್ಕೊಂಡು ಬಂದ್ರೆ ಒಂದೊಂದು ಗಂಟೆ ಆಯ್ತದೆ. ಆರು ಮನೆ ಐತೆ ನಂಗೆ."

ಸಭೆಯಲ್ಲಿ ಯಾರೂ ಮಾತಾಡಲಿಲ್ಲ. ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಎಷ್ಟು ಹೊತ್ತಿಗೆ ದಾಟುತ್ತೀರಮ್ಮ ಅಂತ ಕೇಳಿದೆ. ಬೆಳಗ್ಗೆ ಆರೂ ಕಾಲು ಅಂದರು. ಆ ಹೊತ್ತಿಗೆ ಎರಡೂ ಲೈನಿನಲ್ಲಿ ಗಾಡಿ ಇರುತ್ತದೆ, ಒಂದು ಹೋದ ಮೇಲೆ ಇನ್ನೊಂದಕ್ಕೂ ನಿಲ್ಲಿ ಅಂದೆ. ಅವರು ತಲೆಯಾಡಿಸಿ ಲೋಟದ ತಟ್ಟೆ ಎತ್ತಿಕೊಂಡು ಒಳಗೆ ಹೋದರು.